ಅಪ್ಪನ ಚಿತ್ರ ಅಣ್ಣನ ಬಳಿ, ದನಿ ನನ್ನ ಬಳಿ

ನಾನು ಓದು ನಿಲ್ಲಿಸಿದ್ದು ೨೦೦೩ರಲ್ಲಿ. ಎಂಟನೇ ತರಗತಿಯ ಅರ್ಧ ವರ್ಷದ ಪರೀಕ್ಷೆ ಬರೆದು ಬಂದವನು ಮತ್ತೆ ಶಾಲೆಯ ಕಡೆ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮಾನ್ವಿಯಲ್ಲಿ ಶಾಮಿಯಾನಾ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತೆ. ಕಂಬ ಹತ್ತಿ ಹಾರ್ನ್ ಕಟ್ಟುವುದು, ವೈರು ಎಳೆಯುವುದು, ಮೈಕು ಕಿರುಚಿದರೆ ಓಡಿ ಹೋಗಿ ಅದರ ಮುಖ ತಿರುಗಿಸುವುದು ನನ್ನ ಕೆಲಸ. ನನ್ನ ಕಿವಿ ತಯಾರಾದದ್ದು ಅಲ್ಲಿ. ಶಾಲೆ ಬಿಟ್ಟದ್ದಕ್ಕೆ ನನಗೆ ನಾಚಿಕೆಯಿಲ್ಲ. ದುಡಿದು ತಿಂದಿದ್ದೇನೆ, ಯಾರ ಮುಂದೂ ಕೈ ಒಡ್ಡಿಲ್ಲ.

ಅಣ್ಣ ನನಗಿಂತ ಐದು ವರ್ಷ ದೊಡ್ಡವನು. ರಾಯಚೂರಿನ ಒಂದು ಫೋಟೋ ಸ್ಟುಡಿಯೋದಲ್ಲಿದ್ದ. ಅವನಿಗೆ ಬೆಳಕು ಗೊತ್ತಿತ್ತು, ನನಗೆ ಸದ್ದು ಗೊತ್ತಿತ್ತು. ಇಬ್ಬರೂ ಕೂಡಿ ಮಾನ್ವಿಯಲ್ಲಿ ಸ್ವಂತ ಅಂಗಡಿ ಹಾಕಿದಾಗ ಹೊಸ ಕ್ಯಾಮೆರಾ ಕೊಳ್ಳುವ ಶಕ್ತಿ ಇರಲಿಲ್ಲ. ಹಳೆಯ ಡಿಜಿಟಲ್ ಕ್ಯಾಮೆರಾ ಒಂದು ಅಗ್ಗಕ್ಕೆ ಸಿಕ್ಕಿತು. ಯಾವುದೋ ಮದುವೆಯಲ್ಲಿ ಅರಿಷಿಣದ ನೀರು ಬಿದ್ದು ಅದರ ಕಿವಿ ಹೋಗಿತ್ತು. ಚಿತ್ರ ಕನ್ನಡಿಯಲ್ಲಿ ನೋಡಿದಷ್ಟು ಚೊಕ್ಕ, ದನಿ ಮಾತ್ರ ಚೂರೂ ಇಲ್ಲ. ಹೊರಗಿನ ಮೈಕು ಚುಚ್ಚಿದರೂ ಕರಕರ ಅನ್ನುವ ಸದ್ದಷ್ಟೇ.

ಅದಕ್ಕೆ ಅಂಗೈಯಷ್ಟು ಉದ್ದದ ರೆಕಾರ್ಡರ್ ಒಂದನ್ನು ಬೇರೆ ತಂದೆವು. ಚಿತ್ರ ಅಣ್ಣನ ಕ್ಯಾಮೆರಾದಲ್ಲಿ, ದನಿ ನನ್ನ ರೆಕಾರ್ಡರಿನಲ್ಲಿ. ನಾನು ಮೊದಲು ರೆಕಾರ್ಡರ್ ಚಾಲೂ ಮಾಡುತ್ತಿದ್ದೆ, ಆಮೇಲೆ ಅವನು ಕ್ಯಾಮೆರಾ. ಎರಡೂ ಓಡುತ್ತಿರುವಾಗ ಯಾರಾದರೂ ಕ್ಯಾಮೆರಾದ ಮುಂದೆ ಒಂದು ಚಪ್ಪಾಳೆ ಹೊಡೆಯಬೇಕು. ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ಅಂಗೈ ಕೂಡಿದ ಚಿತ್ರಕ್ಕೆ ಆ ‘ಟಪ್’ ಸದ್ದನ್ನು ಕೂಡಿಸಿದರೆ ಮುಗಿಯಿತು, ಮುಂದಿನ ಮಾತೆಲ್ಲ ತಂತಾನೇ ತುಟಿಗೆ ಸೇರಿಕೊಳ್ಳುತ್ತಿತ್ತು.

ಬಡತನಕ್ಕೆ ಹಿಡಿದ ಈ ದಾರಿಯಿಂದಲೇ ನಮಗೆ ಹೆಸರು ಬಂತು. ಉಳಿದವರು ಮದುವೆಯ ವಿಡಿಯೋಕ್ಕೆ ಸಿನಿಮಾ ಹಾಡು ಹಚ್ಚಿ ಕೊಡುತ್ತಿದ್ದರು. ನಮ್ಮದರಲ್ಲಿ ಹೆಣ್ಣು ಒಪ್ಪಿಸುವಾಗ ತಾಯಿ ಏನಂದಳು, ಮಗಳು ಏನಂದಳು ಎಲ್ಲ ಕೇಳುತ್ತಿತ್ತು. “ಆ ಅಣ್ಣತಮ್ಮರನ್ನ ಕರೀರಿ, ಅವರ ವಿಡಿಯೋದಾಗ ಬಿಕ್ಕಿದ್ದೂ ಕೇಳಸ್ತದ” ಎಂದು ಜನ ಹೇಳಿಕೊಳ್ಳುತ್ತಿದ್ದರು.

ಒಳ್ಳೆಯ ದನಿಗೆ ದುಬಾರಿ ಮೈಕಿಗಿಂತ ಹೆಚ್ಚಾಗಿ ಬೇಕಾಗುವುದು ಮೊಂಡತನ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರ ಇರಬೇಕು. ರೇಷ್ಮೆ ಸೀರೆಯ ಸೆರಗಿನಲ್ಲಿ ಮೈಕು ಸಿಕ್ಕಿಸಿದರೆ ಮಾತಿಗಿಂತ ಸೆರಗೇ ಹೆಚ್ಚು ಮಾತಾಡುತ್ತದೆ. ಕೂಲರ್, ಮಿಕ್ಸರ್, ಫ್ಯಾನು ಎಲ್ಲ ಬಂದ್ ಆಗಬೇಕು. ನಮ್ಮ ರಾಯಚೂರಿನ ಬಿಸಿಲಿನಲ್ಲಿ ಫ್ಯಾನು ಬಂದ್ ಮಾಡಿ ಅನ್ನುವವನಿಗೆ ಯಾರೂ ನೀರು ಕೊಡುವುದಿಲ್ಲ. ಮಟಮಾರಿಯಲ್ಲಿ ಒಬ್ಬ ಅಜ್ಜ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕೇಳಿದ:

“ತಮ್ಮಾ, ನೀ ವಿಡಿಯೋ ತಗ್ಯಾಕ ಬಂದೀಯೋ, ನಮ್ಮನ್ನ ಕುದಸಾಕ ಬಂದೀಯೋ?”

“ಎರಡ ನಿಮಿಷ ತಡೀರಿ ಅಜ್ಜಾರ, ಫ್ಯಾನಿನ ಸದ್ದಿನಾಗ ನಿಮ್ಮ ಮಾತು ಮುಳುಗ್ತದ.”

“ಮುಳುಗಲಿ ಬಿಡಪಾ. ನನ್ನ ಮಾತು ಈಕಿಗಂತೂ ಮದುವ್ಯಾದಾಗಿಂದ ಕೇಳಿಸಿಲ್ಲ” ಎಂದು ಹೆಂಡತಿಯ ಕಡೆ ಕೈ ತೋರಿಸಿದ. ಅಜ್ಜಿ, “ಕೇಳೂವಂಥದ್ದು ಏನರ ಆಡಿದ್ರ ಕೇಳಸ್ತಿತ್ತು” ಅಂದಳು. ಅದೂ ರೆಕಾರ್ಡ್ ಆಯಿತು. ಆ ಮನೆಯವರು ಇಡೀ ವಿಡಿಯೋದಲ್ಲಿ ಮತ್ತೆ ಮತ್ತೆ ನೋಡಿದ್ದು ಅದನ್ನೇ ಅಂತೆ.

ನಮ್ಮ ಅಪ್ಪ ಕಾಳು ಅಳೆಯುವವನು. ಸುಗ್ಗಿಯಲ್ಲಿ ಮಾನ್ವಿ, ನೀರಮಾನ್ವಿ ಕಡೆಯ ಕಣಗಳಿಗೆ ಅವನನ್ನು ಕರೆಯುತ್ತಿದ್ದರು. ಮೊದಲನೇ ಸೇರಿಗೆ ‘ಒಂದು’ ಅನ್ನಬಾರದು, ‘ಲಾಭ’ ಅನ್ನಬೇಕು, ಅದು ರೂಢಿ. ಅಪ್ಪ ಅದನ್ನು ಹಾಡಿನಂತೆ ಎಳೆದು, ಎರಡು, ಮೂರು ಎಂದು ಏರಿಸಿಕೊಂಡು ಹೋಗುತ್ತಿದ್ದ. ದನಿಯ ತಾಳಕ್ಕೆ ಕಾಳು ಸುರಿಯುತ್ತಿತ್ತು. ತೂಕದ ಯಂತ್ರ ಬಂದ ಮೇಲೆ ಅಪ್ಪನನ್ನು ಕರೆಯುವವರಿಲ್ಲವಾಯಿತು. ಅವನ ಆ ಎಣಿಕೆಯನ್ನು ಉಳಿಸಿಕೊಳ್ಳೋಣ ಎಂದು ಒಂದು ಮುಂಜಾನೆ ಮನೆಯಂಗಳದಲ್ಲಿ ಜೋಳದ ರಾಶಿ ಹಾಕಿ ಅಪ್ಪನನ್ನು ಕೂಡಿಸಿದೆವು. ಅಣ್ಣ ಎಳೆಬಿಸಿಲು ಅಪ್ಪನ ಕೆನ್ನೆಗೆ ಬೀಳುವಂತೆ ರಾಶಿಯನ್ನೇ ಎರಡು ಸಲ ಸರಿಸಿದ. ನಾನು ಅಂಗಿಯ ಗುಂಡಿಯ ಹತ್ತಿರ ಮೈಕು ಸಿಕ್ಕಿಸಿದೆ. ಚಪ್ಪಾಳೆ ಹೊಡಿ ಯಪ್ಪಾ ಅಂದೆ.

“ಚಪ್ಪಾಳಿ ಯಾಕಲೇ? ನಾ ಇನ್ನಾ ಏನೂ ಮಾಡೇ ಇಲ್ಲ!”

ನಕ್ಕು ಹೊಡೆದ. ಆಮೇಲೆ ಅಳೆಯತೊಡಗಿದವನು ನಮ್ಮನ್ನು ಮರೆತೇಬಿಟ್ಟ.

ಆ ಚಿತ್ರ, ಆ ದನಿ ಎರಡನ್ನೂ ಕೂಡಿಸಲಿಲ್ಲ. ಲಗ್ನದ ದಿನಗಳು, ಗಿರಾಕಿಗಳ ಕೆಲಸ ಮುಂದೆ, ಮನೆಯದು ಹಿಂದೆ. ಮರುವರ್ಷ ಅಪ್ಪ ತೀರಿಕೊಂಡ. ಅದನ್ನು ತೆಗೆದು ನೋಡುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಕೆಲಸ ಹೆಚ್ಚಿತು, ಅಣ್ಣ ಹೊಸ ಕ್ಯಾಮೆರಾ ತಂದ. ಅದಕ್ಕೆ ಕಿವಿಯೂ ಇತ್ತು. ಬೆಂಕಿಪೊಟ್ಟಣದಷ್ಟು ಸಣ್ಣ ಮೈಕನ್ನು ಅಂಗಿಗೆ ಸಿಕ್ಕಿಸಿದರೆ ದೂರದ ದನಿಯೂ ವೈರಿಲ್ಲದೆ ನೇರ ಕ್ಯಾಮೆರಾಕ್ಕೇ ಬರುತ್ತಿತ್ತು. ಗಬ್ಬೂರಿನ ಒಂದು ಮದುವೆಯಲ್ಲಿ ಅಣ್ಣ ಅದನ್ನು ಹೆಣ್ಣಿನ ತಂದೆಗೆ ತೋರಿಸುತ್ತಿದ್ದ. “ಇದರಾಗ ಎಲ್ಲಾ ಅದ ರೀ. ಇನ್ನ ಮೈಕ್ ಹಿಡಕೊಂಡು ಒಬ್ಬಾವ ಹಿಂದ ತಿರಗಬೇಕಂತ ಇಲ್ಲ.”

ಅವರು ನನ್ನ ಕಡೆ ನೋಡಿದರು. ನಾನು ಕೊರಳಿಗೆ ಹೆಡ್‌ಫೋನು ಹಾಕಿಕೊಂಡು, ಕೈಯಲ್ಲಿ ವೈರಿನ ಸುರುಳಿ ಹಿಡಿದು ನಿಂತಿದ್ದೆ.

“ಹಂಗಾರ ತಮ್ಮಂದು ಒಂದ ಊಟದ ಎಲಿ ಉಳೀತು ನಮಗ” ಅಂದರು.

ಸುತ್ತಲಿನವರು ನಕ್ಕರು. ಅಣ್ಣನೂ ನಕ್ಕ. ಕ್ಯಾಮೆರಾದ ಹುರುಪಿನಲ್ಲಿ ಬಾಯಿಂದ ಬಂದ ಮಾತು, ನನ್ನನ್ನು ನೋಯಿಸಲು ಆಡಿದ್ದಲ್ಲ ಎಂದು ಈಗ ಅನಿಸುತ್ತದೆ. ಅಂದು ಅನಿಸಲಿಲ್ಲ. ವೈರು ಸುತ್ತಿ ಚೀಲದಲ್ಲಿಟ್ಟು ಉಣ್ಣದೆ ಬಸ್ಸು ಹತ್ತಿದೆ.

ಅಂಗಡಿ ಪಾಲಾಯಿತು. ನಮ್ಮಲ್ಲಿ ಹಿರಿಯ ಪಾಲು ಮಾಡಿದರೆ ಕಿರಿಯ ಮೊದಲು ಆರಿಸಿಕೊಳ್ಳಬೇಕು. ಅಣ್ಣ ಜಮಖಾನೆ ಹಾಸಿ ಎರಡು ಗುಂಪು ಮಾಡಿದ. ಒಂದರಲ್ಲಿ ಹೊಸ ಕ್ಯಾಮೆರಾ, ದೀಪಗಳು, ಚಿತ್ರಗಳಿದ್ದ ಹಾರ್ಡ್ ಡಿಸ್ಕು. ಇನ್ನೊಂದರಲ್ಲಿ ರೆಕಾರ್ಡರ್, ಮೈಕುಗಳು, ಕಂಪ್ಯೂಟರು, ಆ ಕಿವುಡು ಕ್ಯಾಮೆರಾ, ದನಿಗಳಿದ್ದ ಹಾರ್ಡ್ ಡಿಸ್ಕು. ಹೊಸ ಕ್ಯಾಮೆರಾದ ಪಟ್ಟಿ ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಇತ್ತು.

“ನನಗ ನನ್ನ ಮೈಕ್ ಸಾಕು” ಅಂದೆ.

ಅಣ್ಣನ ಮುಖ ಸಣ್ಣದಾಯಿತು. ಕ್ಯಾಮೆರಾ ನಾನೇ ಒಯ್ಯಲಿ ಎಂದು ಹಾಗೆ ಇಟ್ಟಿದ್ದನೋ, ಒಯ್ಯುವಷ್ಟು ಆಸೆಬುರುಕನೇ ಎಂದು ನೋಡಲು ಇಟ್ಟಿದ್ದನೋ ನನಗೆ ಇಂದಿಗೂ ಗೊತ್ತಿಲ್ಲ. ಅವನು ಹೆಂಡತಿಯ ಊರು ದೇವದುರ್ಗಕ್ಕೆ ಹೋಗಿ ಅಲ್ಲಿ ಅಂಗಡಿ ಹಾಕಿದ. ನಾನು ಮಾನ್ವಿಯಲ್ಲೇ ಉಳಿದೆ. ಅಪ್ಪನೂ ಎರಡು ಪಾಲಾದ ಎನ್ನುವುದು ಅಂದು ಇಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಅವ್ವನಿಗೆ. ಅವಳು ನನ್ನ ಮನೆಯಲ್ಲಿದ್ದಾಳೆ. ನಾನು ಊರಲ್ಲಿಲ್ಲದ ದಿನ ನೋಡಿಕೊಂಡು ಅಣ್ಣ ಬಂದು ಹೋಗುತ್ತಿದ್ದ. ಒಂದು ಸಲ ಅವಳಿಗೆ ಫೋನೊಂದನ್ನು ಕೊಟ್ಟು ಹೋದ. ಅದರಲ್ಲಿ ಅಪ್ಪನ ಚಿತ್ರ ಇತ್ತು, ಮಾತಿಲ್ಲದ್ದು. ಅದು ತಿಳಿದು ನಾನು ನನ್ನ ಹಳೆಯ ಫೋನಿನಲ್ಲಿ ಅಪ್ಪನ ದನಿ ಹಾಕಿಕೊಟ್ಟೆ. ಅವನಿಗಿಂತ ನಾನೇನು ಕಡಿಮೆ ಎನ್ನುವ ಹಟವೂ ಇತ್ತು.

ಒಂದು ಸಂಜೆ ಕೆಲಸ ಮುಗಿಸಿ ಬಂದಾಗ ಅವ್ವ ಹೊರಸಿನ ಮೇಲೆ ಎರಡೂ ಫೋನು ಮುಂದಿಟ್ಟುಕೊಂಡು ಕೂತಿದ್ದಳು. ಎರಡು ಹೆಬ್ಬೆರಳಿನಿಂದ ಎರಡನ್ನೂ ಒಮ್ಮೆಗೇ ಒತ್ತುತ್ತಿದ್ದಳು. ಚಿತ್ರದ ಅಪ್ಪ ಎರಡು ಸೇರು ಸುರಿದ ಮೇಲೆ ದನಿಯ ಅಪ್ಪ ‘ಲಾಭ’ ಅನ್ನುತ್ತಿದ್ದ. ನಿಲ್ಲಿಸಿ ಮತ್ತೆ ಒತ್ತುವಳು. “ಹಾಂ, ಈಗ ಕೂಡ್ತು... ಕೂಡ್ತು... ಹೋತು.” ನನ್ನ ಹೆಂಡತಿ ಒಳಗಿನಿಂದ ಬಂದು, ದಿನಾ ಹೀಗೇ ಮಾಡುತ್ತಾಳೆ ಎಂದು ಮೆಲ್ಲಗೆ ಹೇಳಿದಳು.

ನನಗೆ ತಡೆಯಲಾಗಲಿಲ್ಲ. “ಯವ್ವಾ, ಆ ಫೋನ್ ಇಲ್ಲಿ ಕೊಡು. ಕಂಪ್ಯೂಟರಿಗೆ ಹಾಕಿ ಕೂಡಿಸಿ ಕೊಡ್ತೀನಿ. ಚಣದ ಕೆಲಸ.”

ಅವಳು ಫೋನನ್ನು ಎಲೆ ಅಡಿಕೆಯ ಚೀಲಕ್ಕೆ ಹಾಕಿ ದಾರ ಎಳೆದುಕೊಂಡಳು. “ಇದು ಅವನದು. ಅವನ್ನ ಕೇಳು.”

“ಅವನ್ನ ಏನ ಕೇಳೋದು? ನಿನ್ನ ಕೈಯಾಗ ಅದಲ್ಲ?”

“ಕೂಡಸೋದಾದ್ರ ಇಬ್ಬರೂ ಕುಂತು ಕೂಡಸ್ರಿ. ನನ್ನ ಗಂಡನ್ನ ಕಳ್ಳತನದಾಗ ಕೂಡಸೋದು ಬ್ಯಾಡ.”

ಅಣ್ಣನಿಗೂ ಅದೇ ಮಾತು ಹೇಳಿದ್ದಳಂತೆ. ಅವನು ಫೋನು ಮಾಡಲಿ ಎಂದು ನಾನು, ನಾನು ಮಾಡಲಿ ಎಂದು ಅವನು. ಎರಡು ಸುಗ್ಗಿ ಹೋದವು. ಕಡೆಗೆ ಅವ್ವ ಒಂದು ದಿನ ಉಣ್ಣುವುದನ್ನು ಬಿಟ್ಟಳು. ನನ್ನ ಹೆಂಡತಿ ಅಣ್ಣನಿಗೆ ತಿಳಿಸಿದಳು. ಅವನು ಮಾನ್ವಿಗೆ ಬರುವುದಿಲ್ಲ, ನಾನು ದೇವದುರ್ಗಕ್ಕೆ ಹೋಗುವುದಿಲ್ಲ. ರಾಯಚೂರಿನಲ್ಲಿ ನಮ್ಮಂಥವರೆಲ್ಲ ಹೋಗುವ ಎಡಿಟಿಂಗ್ ಅಂಗಡಿಯಲ್ಲಿ ಸೇರುವುದೆಂದಾಯಿತು.

ಅವ್ವ ಹಸಿರು ಇಳಕಲ್ ಸೀರೆ ಉಟ್ಟುಕೊಂಡು ಬಂದಿದ್ದಳು. ಬುತ್ತಿ ಕಟ್ಟಿಸಿಕೊಂಡಿದ್ದಳು, ಮೂವರಿಗೆ ಆಗುವಷ್ಟು. ಅಂಗಡಿಯವನು ನಮ್ಮನ್ನು ನೋಡಿ, “ಏನ್ರೀ, ಸೂರ್ಯ ಚಂದ್ರ ಇಬ್ಬರೂ ಒಮ್ಮೆಗೇ ಬಂದೀರಿ, ಗ್ರಹಣ ಹಿಡಿತದೋ ಏನೋ” ಎಂದು ನಗಿಸಲು ನೋಡಿದ. ಅವ್ವ ಒಬ್ಬಳೇ ನಕ್ಕಳು.

ಅಣ್ಣ ಕಂಪ್ಯೂಟರಿನ ಮುಂದೆ ಕೂತ. ನಾನು ಪಕ್ಕದ ಕುರ್ಚಿಯಲ್ಲಿ. ಅವನು ಹಾರ್ಡ್ ಡಿಸ್ಕು ಜೋಡಿಸಿದ, ನಾನು ಪೆನ್‌ಡ್ರೈವ್ ಕೊಟ್ಟೆ. ಗಡ್ಡ ಅಲ್ಲಲ್ಲಿ ಬೆಳ್ಳಗಾಗಿತ್ತು ಅವನದು. ನಾನು ತಂದ ದನಿಯನ್ನು ಮೊದಲು ಹಚ್ಚಿದ. ನನ್ನ ರೆಕಾರ್ಡರ್ ಕ್ಯಾಮೆರಾಕ್ಕಿಂತ ಮೊದಲೇ ಓಡಲು ಶುರುವಾಗಿತ್ತಲ್ಲ, ಆದ್ದರಿಂದ ಚಪ್ಪಾಳೆಗೂ ಮುಂಚಿನ ಮಾತು ಅದರಲ್ಲಿ ಇತ್ತು. ನನಗೆ ಅದು ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ.

ಸ್ಪೀಕರಿನಲ್ಲಿ ಅವನದೇ ದನಿ ಬಂತು. “ತಮ್ಮಾ, ದನಿ ಹ್ಯಾಂಗ ಬರಾಕತ್ತದ? ನೀ ಹೂಂ ಅನ್ನೂತನ ನಾ ಚಾಲೂ ಮಾಡಂಗಿಲ್ಲ ನೋಡು.” ಅದಕ್ಕೆ ನಾನು: “ಅಣ್ಣಾ, ನಿನ್ನ ಹೊಟ್ಟಿ ಗುರ್ ಅನ್ನೂದೂ ಕೇಳಾಕತ್ತದ, ಮೊದಲು ಒಂದ ರೊಟ್ಟಿ ತಿಂದು ಬಾ.” ಮೂವರೂ ನಕ್ಕದ್ದು. ಅಪ್ಪನ ನಗೆ ಮೈಕಿಗೆ ಹತ್ತಿರವಾದದ್ದರಿಂದ ದೊಡ್ಡದು. ಅದರ ಹಿಂದೆ ನಮ್ಮಿಬ್ಬರದು.

ಅಣ್ಣನ ಕೈ ಮೌಸಿನ ಮೇಲೆ ನಿಂತಿತು. ಪರದೆಯ ಮೇಲೆ ಚಿತ್ರ ಇರಲಿಲ್ಲ, ಕಪ್ಪು ಅಷ್ಟೇ. ನಾನು ಅವನ ಕಡೆ ನೋಡಲಿಲ್ಲ, ಅವನೂ ನನ್ನ ಕಡೆ ನೋಡಲಿಲ್ಲ. ಪರದೆಯ ಕಡೆ ನೋಡುತ್ತಲೇ ಕೇಳಿದ.

“ಇದಕ್ಕ ಚಿತ್ರ ಇಲ್ಲ. ಚಪ್ಪಾಳಿಗಿಂತ ಮುಂಚಿಂದು ಕತ್ತರಸಿ ತೆಗೀಲೇನು?”

ಇರಲಿ ಬಿಡು ಅಣ್ಣಾ ಅನ್ನಬೇಕಿತ್ತು. ಅಷ್ಟೇ ಮಾತು. ಅವನು ಅದನ್ನೇ ಕಾಯುತ್ತಿದ್ದನೇನೋ. ಆದರೆ ಅವನೇ ಇಡಬಹುದಲ್ಲ, ನನ್ನನ್ನು ಯಾಕೆ ಕೇಳಬೇಕು ಎಂದು ನನ್ನೊಳಗಿನ ಸೊಕ್ಕು ಎದ್ದು ಕೂತಿತು.

“ತೆಗಿ” ಅಂದೆ.

ತೆಗೆದ. ಚಪ್ಪಾಳೆಗೆ ಚಪ್ಪಾಳೆ ಕೂಡಿಸಿದ, ಮೊದಲ ಸಲಕ್ಕೇ ಕೂಡಿತು. ಒಂದು ಕಡೆ ದನಿ ಸ್ವಲ್ಪ ಏರಿಸು ಎಂದು ನಾನು ಬೆರಳಿನಲ್ಲಿ ತೋರಿಸಿದೆ, ಏರಿಸಿದ. ಕೆಲಸದಲ್ಲಿ ನಮ್ಮಿಬ್ಬರಿಗೆ ಮಾತು ಎಂದೂ ಬೇಕಾಗಿರಲಿಲ್ಲ. ಅವ್ವನನ್ನು ಮುಂದೆ ಕೂಡಿಸಿ ಹಚ್ಚಿದೆವು. ಅಪ್ಪ ತುಟಿ ತೆರೆದ, ‘ಲಾಭ’ ಅಂದ, ಜೋಳ ಸುರಿಯಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೊನೆತನಕ ನೋಡಿದಳು. ಮುಗಿದ ಮೇಲೆ ಹಿಂದೆ ತಿರುಗಿದಳು. ಅಣ್ಣ ಆಗಲೇ ಹಾರ್ಡ್ ಡಿಸ್ಕು ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದ. ನಾನು ತಂದಿದ್ದ ಹೆಡ್‌ಫೋನಿನ ವೈರು ಸುತ್ತುತ್ತಿದ್ದೆ.

“ಮುಗೀತೇನು?” ಎಂದು ಕೇಳಿದಳು. “ಇಷ್ಟ ಬೇಗ?”

“ಆತು ಯವ್ವಾ. ನನಗ ದೇವದುರ್ಗದಾಗ ಒಂದು ಕೆಲಸ ಅದ” ಎಂದು ಅಣ್ಣ ಅವಳ ಕಾಲು ಮುಟ್ಟಿದ. ಬುತ್ತಿ ಬಿಚ್ಚಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅವನು ದೇವದುರ್ಗದ ಬಸ್ಸು ಹತ್ತಿದ, ನಾವು ಮಾನ್ವಿಯ ಬಸ್ಸು.

ಬಸ್ಸು ಊರು ದಾಟಿತು. ಅವ್ವ ಕಿಟಕಿಯಿಂದ ಹತ್ತಿಯ ಹೊಲ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗದೆಯೇ ಅಂದಳು: “ಅದು ಬ್ಯಾರೆ ಬ್ಯಾರೆ ಇದ್ದಾಗ ನಿಮ್ಮನ್ನ ಒಂದ ಕಡಿ ಕರಿಯಾಕ ನನಗೊಂದು ನೆವ ಇತ್ತು. ಈಗ ಏನಂತ ಕರೀಲೋ?”

ಕೂಡಿಸಿದ ವಿಡಿಯೋ ಅವಳ ಫೋನಿನಲ್ಲಿ ಇದೆ. ಅವಳು ಹಚ್ಚಿದ್ದನ್ನು ನಾನು ನೋಡಿಲ್ಲ.

ಈಗ ನನ್ನ ಹತ್ತಿರ ಮಾನ್ವಿಯಲ್ಲಿ ಒಂದು ಅಂಗಡಿ ಇದೆ. ಕ್ಯಾಮೆರಾ ಎರಡು, ಮೈಕು ನಾಲ್ಕು, ಅದರಲ್ಲಿ ಒಂದು ಸರಿಯಿಲ್ಲ. ಹೆಂಡತಿ, ಎರಡು ಮಕ್ಕಳು, ಇಬ್ಬರೂ ಶಾಲೆಗೆ ಹೋಗುತ್ತಾರೆ. ಅವ್ವ ಇದ್ದಾಳೆ. ಕತ್ತರಿಸದ ದನಿ ಒಂದು ಹಾರ್ಡ್ ಡಿಸ್ಕಿನಲ್ಲಿ ಇದೆ. ಅಣ್ಣ ಒಬ್ಬ, ದೇವದುರ್ಗದಲ್ಲಿ.