ಹೆಬ್ಬೆರಳಷ್ಟು ಇಳಿಯುವ ಫೋರ್ಕ್

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಬರೆಯಲು ಕೂತಾಗೆಲ್ಲ ಯಾರದೋ ಪಂಕ್ಚರ್ ನೆನಪಾಗುತ್ತಿತ್ತು. ಬಾಗಲಕೋಟೆಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡೇ ಮುದುಕನಾದವನಿಗೆ ನೆಪಗಳಿಗೇನು ಬರ? ಮೊನ್ನೆ ಒಬ್ಬ ಗಿರಾಕಿ ಅಂಗಡಿಯ ಬೆಂಚಿನ ಮೇಲೆ ಕೂತು, ಗ್ರಾವೆಲ್ ಬೈಕಿಗೆ ಶಾಕ್ ಇರುವ ಫೋರ್ಕ್ ಯಾಕೆ ಬೇಕು, ಅದು ಕೈಲಾಗದವರ ಸೋಗು ಎಂದು ನಗುತ್ತಿದ್ದ. ಆ ಮಾತು ನನ್ನದೇ. ವರ್ಷಗಟ್ಟಲೆ ನಾನೇ ಈ ಊರಿಗೆ ಹಂಚಿದ್ದು. ಅವನನ್ನು ಬೈದು ಎಬ್ಬಿಸಿ ಕಳಿಸಿದೆ. ನಿಜವಾಗಿ ಬೈಸಿಕೊಳ್ಳಬೇಕಾದವನು ಅಂಗಡಿಯೊಳಗೇ ಉಳಿದ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗ್ರಾವೆಲ್ ಬೈಕು ನೋಡಲು ರೇಸ್ ಸೈಕಲ್ಲಿನಂತೆಯೇ ಇರುತ್ತದೆ. ಹ್ಯಾಂಡಲ್ ಕೆಳಗೆ ಬಾಗಿರುತ್ತದೆ, ಟಯರು ಮಾತ್ರ ದಪ್ಪ. ಡಾಂಬರು ಬಿಟ್ಟು ಗರಸಿನ ದಾರಿ, ಕಾಲುವೆ ದಾರಿ, ಹೊಲದ ದಾರಿಗಳಲ್ಲಿ ದಿನಗಟ್ಟಲೆ ಓಡಿಸಲು ಮಾಡಿದ್ದು. ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕ್ ಸಾಮಾನ್ಯವಾಗಿ ಗಟ್ಟಿ. ಕೆಲವಕ್ಕೆ ಕುಲುಕಾಟ ನುಂಗುವ, ಗಾಳಿ ತುಂಬಿದ ಶಾಕ್ ಅಬ್ಸಾರ್ಬರ್ ಇರುವ ಫೋರ್ಕ್ ಬರುತ್ತದೆ. ಗುಡ್ಡ ಹಾರುವ ಸೈಕಲ್ಲಿನದರಂತೆ ಅದು ಗೇಣುದ್ದ ಇಳಿಯುವುದಿಲ್ಲ, ಹೆಬ್ಬೆರಳಷ್ಟು ಇಳಿದು ಏರುತ್ತದೆ.

ನಾವು ಹುಡುಗರಾಗಿದ್ದಾಗ ಈ ಭಾಗದಲ್ಲಿ ಸೈಕಲ್ ರೇಸು ಮುಗಿದ ಮೇಲೆ ಒಂದು ರೂಢಿ ಇತ್ತು. ಹಿರಿಯರು ನಮ್ಮ ಅಂಗೈ ಹೊರಳಿಸಿ ನೋಡುತ್ತಿದ್ದರು. ಬೊಬ್ಬೆ ಎದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಎದ್ದಿರದಿದ್ದರೆ, ‘ಯಾಕಲೇ, ಬಸ್ಸಿನ್ಯಾಗ ಬಂದೀಯೇನು?’ ಎನ್ನುತ್ತಿದ್ದರು. ಮ್ಯಾಟ್ರಿಕ್ ಮುಗಿಸಿದ ಮೇಲೆ ನಾನು ಓದಲಿಲ್ಲ. ನನ್ನ ಸರ್ಟಿಫಿಕೇಟು ಏನಿದ್ದರೂ ಈ ಅಂಗೈಗಳಲ್ಲೇ ಇದೆ ಎಂದು ಸೊಕ್ಕಿನಿಂದ ತಿರುಗಿದೆ.

ಇಳಕಲ್ಲಿನಲ್ಲಿ ನನ್ನ ತಂಗಿಯ ಮನೆ. ಅವರದು ಕೈಮಗ್ಗ. ಇಳಕಲ್ ಸೀರೆಯಲ್ಲಿ ಉದ್ದಕ್ಕೆ ಹಾಯುವ ಎಳೆಗಳು, ಅಂದರೆ ಹಾಸು, ಒಡಲಿನದು ಬೇರೆ, ಸೆರಗಿನದು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸದಲ್ಲಿ ತಂಗಿಯ ಮಗಳದು ಓಣಿಗೇ ಒಳ್ಳೆಯ ಕೈ. ಶಾಲೆಯ ದಿನಗಳಲ್ಲಿ ಸೈಕಲ್ ರೇಸಿಗೆ ಹೋದವಳು. ಆಮೇಲೆ ಮಗ್ಗಕ್ಕೆ ಕೂತರೂ ಸೈಕಲ್ ಬಿಡಲಿಲ್ಲ. ಯಾರೋ ಓಡಿಸಿ ಬಿಟ್ಟ ಗ್ರಾವೆಲ್ ಬೈಕೊಂದನ್ನು ಕೊಂಡು, ಅದನ್ನು ಸರ್ವಿಸ್ ಮಾಡಿಸಲು ನನ್ನ ಅಂಗಡಿಗೆ ತಂದಳು.

‘ಏನಬೇ ಇದು, ಮುಂದ ಸ್ಪ್ರಿಂಗ್ ಹಾಕ್ಕೊಂಡ ಬಂದಿ? ಸೈಕಲ್ಲೋ ಮಲಗೂ ಹೊರಸೋ?’ ಎಂದೆ.

‘ಹೊರಸಲ್ಲ ಮಾಮಾ. ಇಷ್ಟ ಇಳಿತೈತಿ ನೋಡು,’ ಎಂದು ಹೆಬ್ಬೆರಳು ತೋರಿಸಿದಳು.

‘ಅಷ್ಟ ಇಳಿಯೂದಕ್ಕ ಇಷ್ಟ ಸೋಗು?’

‘ಭಾಳ ಇಳಿದ್ರ ನಾವು ತುಳಿದದ್ದೆಲ್ಲ ಅದಽ ತಿಂತೈತಿ. ಇದು ತಿನ್ನಂಗಿಲ್ಲ. ಕೈಗೆ ನಡುಕ ಹತ್ತಂಗಿಲ್ಲ, ಅಷ್ಟ. ಬರೋ ವಾರ ಬಾದಾಮಿಯಿಂದ ಇಳಕಲ್ಲಿನ ತನಕ ಸವಾರಿ ಐತಿ, ಬರೇ ಗರಸಿನ ದಾರಿ. ಮರುದಿನ ಮತ್ತ ಮಗ್ಗದಾಗ ಕೂಡಬೇಕಲ್ಲ ಮಾಮಾ, ಕೈ ನೋಡ್ಕೋಬೇಕು.’

ಬೆಂಚಿನ ಮೇಲೆ ನನ್ನ ಹಳೆಯ ಗೆಳೆಯನಿದ್ದ, ಬಸ್ ಡ್ರೈವರ್ ಆಗಿ ರಿಟೈರಾದವನು. ‘ಮಿಸ್ತ್ರಿ, ನಿಮ್ಮ ಮನಿತನದ ಅಂಗೈ ಮೆತ್ತಗಾಗ್ಯಾವ ನೋಡಪಾ,’ ಎಂದ. ಅಷ್ಟೇ ಸಾಕಾಯಿತು ನನಗೆ.

ಫೋರ್ಕಿನೊಳಗಿನ ಎಣ್ಣೆ ತಡೆಯುವ ರಬ್ಬರ್ ಸೀಲು ಸೋರುತ್ತಿತ್ತು. ಹೊಸ ಸೀಲು ಹುಬ್ಬಳ್ಳಿಯಿಂದ ಬರಬೇಕಿತ್ತು, ಬಂತು ಕೂಡ. ನಾನು ಅದನ್ನು ಡ್ರಾಯರಿಗೆ ಹಾಕಿದೆ. ಅವಳಿಗೆ ಫೋನು ಮಾಡಿ, ‘ಫೋರ್ಕ್ ಪೂರಾ ಕೆಟ್ಟೈತಿ ಬೇ, ರಿಪೇರಿ ಆಗಂಗಿಲ್ಲ. ಗಟ್ಟಿದು ಹಾಕಿ ಕೊಡ್ತೇನಿ, ಚಿಂತಿ ಮಾಡಬ್ಯಾಡ,’ ಎಂದೆ. ಅವಳು ನಂಬಿದಳು. ಯಾಕೆ ನಂಬಬಾರದು? ಚಿಕ್ಕಂದಿನಲ್ಲಿ ಅವಳಿಗೆ ಸೈಕಲ್ ಕಲಿಸಿದವನು ನಾನು.

ಒಂದು ಗಟ್ಟಿ ಫೋರ್ಕ್ ಹುಡುಕಿ ಕೂಡಿಸಿದೆ. ಅದು ಮೊದಲಿನದಕ್ಕಿಂತ ಎರಡು ಬೆರಳು ಗಿಡ್ಡ. ಸೈಕಲ್ಲಿನ ಮೂತಿ ಕೆಳಗಿಳಿಯಿತು, ಅದರ ಜೊತೆ ಹ್ಯಾಂಡಲ್ಲೂ ಇಳಿಯಿತು. ಮೂತಿ ಇಳಿದರೆ ಸವಾರನ ಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಸೇದಿಹೋಗಲಿ. ಗೊತ್ತಿತ್ತು. ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮನ್ನು ತಿರುವಿ ಹಾಕಿದ್ದರೆ ಹ್ಯಾಂಡಲ್ ಮತ್ತೆ ಏರಿ ಸರಿಹೋಗುತ್ತಿತ್ತು, ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ರೇಸ್ ಸೈಕಲ್ ಅಂದರೆ ಹೀಗಿರಬೇಕು ಎಂದುಕೊಂಡು ಬಿಟ್ಟೆ.

ಸವಾರಿಯ ದಿನ ನಾನು ಟೂಲ್ಸ್ ಪೆಟ್ಟಿಗೆ ಇಟ್ಟುಕೊಂಡು ಒಂದು ಗೂಡ್ಸ್ ಆಟೋದಲ್ಲಿ ಹಿಂದೆ ಹೋದೆ. ಬನಶಂಕರಿ ದಾಟುವವರೆಗೆ ಅವಳು ಮುಂದಿದ್ದವರ ಜೊತೆಗೇ ಇದ್ದಳು. ಐಹೊಳೆ ಬಿಟ್ಟ ಮೇಲೆ ದಾರಿ ಹಾಳು. ಟ್ರ್ಯಾಕ್ಟರು, ಟಿಪ್ಪರು ಓಡಿ ಓಡಿ ಗರಸು ತಗಡಿನ ಶೀಟಿನಂತೆ ಅಲೆ ಅಲೆಯಾಗಿತ್ತು. ನಮ್ಮ ದಾರಿಗಳನ್ನು ಬೈದುಕೊಂಡೇ ನಾನು ಬೆಳೆದವನು. ಚುನಾವಣೆಗೆ ಮುಂಚೆ ಒಂದು ಪದರ ಜಲ್ಲಿ ಸುರಿಯುತ್ತಾರೆ, ಮಳೆಗಾಲ ಮುಗಿದ ಮೇಲೆ ಅದೂ ಇರುವುದಿಲ್ಲ. ಆದರೆ ಆ ದಿನದ ತಪ್ಪನ್ನು ದಾರಿಯ ಮೇಲೆ ಹಾಕಲಾರೆ. ದಾರಿ ಎಂಥದೆಂದು ತಿಳಿದೇ ಅವಳು ಆ ಫೋರ್ಕ್ ಆರಿಸಿಕೊಂಡಿದ್ದಳು.

ಹುನಗುಂದದಲ್ಲಿ ಕೋರ್ಟಿನ ಎದುರು ನಿಂತಳು. ಕೈ ಝಾಡಿಸುತ್ತಿದ್ದಳು.

‘ಮಾಮಾ, ಕಿರಿಬೆರಳು, ಅದರ ಬಾಜೂದ್ದು, ಎರಡೂ ಜುಮು ಜುಮು ಅಂತಾವ. ಹ್ಯಾಂಡಲ್ ಸ್ವಲ್ಪ ಏರಿಸಿ ಕೊಡತೀ ಏನು?’

ಪೆಟ್ಟಿಗೆ ನನ್ನ ಕಾಲ ಬಳಿಯೇ ಇತ್ತು. ಸುತ್ತ ನಾಲ್ಕು ಜನ ಇದ್ದರು.

‘ಇನ್ನ ಇಳಕಲ್ಲೇನು, ಇಲ್ಲೇ ಐತಿ. ಹೋಗು ಹೋಗು,’ ಎಂದೆ.

ಹೋದಳು. ಇಳಕಲ್ಲಿನಲ್ಲಿ ಇಳಿದಾಗ ಎಲ್ಲರೆದುರು ಅವಳ ಎರಡೂ ಅಂಗೈ ಹಿಡಿದು ಹೊರಳಿಸಿದೆ. ಕೆಂಪಗೆ ಸುಲಿದಿದ್ದವು. ‘ನೋಡ್ರಿ, ಸವಾರಿ ಅಂದ್ರ ಇದು!’ ಎಂದು ಕೂಗಿದೆ. ಜನ ಚಪ್ಪಾಳೆ ತಟ್ಟಿದರು. ಅವಳೂ ನಕ್ಕಳು. ಆಮೇಲೆ ಯಾರೋ ಕೊಟ್ಟ ನೀರಿನ ಲೋಟ ಅವಳ ಬಲಗೈಯಿಂದ ಜಾರಿ ಬಿತ್ತು. ಲೋಟ ಬಿದ್ದದ್ದನ್ನು ಅವಳು ಕಣ್ಣಿನಿಂದ ನೋಡಿ ತಿಳಿದುಕೊಂಡಳು, ಕೈಯಿಂದಲ್ಲ. ಅದನ್ನು ನಾನು ನೋಡಿದೆ. ನೋಡಿಯೂ ಚಪ್ಪಾಳೆಯ ಕಡೆಗೆ ತಿರುಗಿದೆ. ಥೂ ನನ್ನ ಜನ್ಮಕ್ಕೆ.

ಮಣಿಕಟ್ಟಿನ ಬಳಿ ನರ ಒತ್ತಿಹೋಗಿದೆ, ಸವಾರಿಯಲ್ಲಿ ಕೈಗೆ ಭಾರ ಬಿದ್ದದ್ದರಿಂದ, ಹ್ಯಾಂಡಲ್ಲಿನ ನಡುಕದಿಂದ ಹೀಗಾಗುತ್ತದೆ ಎಂದರು ದವಾಖಾನೆಯಲ್ಲಿ. ಎಡಗೈ ತಾನಾಗಿ ಸರಿಹೋಯಿತು. ಬಲಗೈಯ ಆ ಎರಡು ಬೆರಳು ಇನ್ನೂ ಪೂರ್ತಿ ಬಂದಿಲ್ಲ. ಬೆರಳಿಗೆ ಎಳೆ ತಾಕಿದ್ದು ತಿಳಿಯದಿದ್ದರೆ ಕೊಂಡಿ ಹಾಕುವುದು ಹೇಗೆ? ಈಗ ಸೆರಗು ಕೂಡಿಸಲು ನನ್ನ ತಂಗಿಯೇ ಕನ್ನಡಕ ಹಾಕಿಕೊಂಡು ಕೂಡುತ್ತಾಳೆ. ಮಗಳು ನೂಲು ಸುತ್ತಿ ಕೊಡುತ್ತಾಳೆ. ನೋಡಲು ಹೋದಾಗ ಅವಳೇ ನನಗೆ ಸಮಾಧಾನ ಹೇಳಿದಳು: ‘ಫೋರ್ಕ್ ಕೆಟ್ಟಿತ್ತು ಮಾಮಾ, ನೀ ಏನ ಮಾಡ್ತಿ? ನಾನಽ ನಡುವ ನಿಲ್ಲಬೇಕಾಗಿತ್ತು.’ ನಾನು ಹೂಂ ಎಂದೆ. ಅವಳ ಮನೆಯಲ್ಲಿ ಊಟ ಮಾಡಿ, ಆ ಹೂಂ ಅಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಇನ್ನೂ ಇದೆ. ಕೆಲವು ದಿನಗಳ ಮೇಲೆ ಡ್ರಾಯರಿನಿಂದ ಸೀಲು ತೆಗೆದು ಅವಳ ಮೊದಲಿನ ಫೋರ್ಕಿಗೆ ಹಾಕಿದೆ. ಒಂದು ಹನಿಯೂ ಸೋರಲಿಲ್ಲ. ಅಂಗಡಿಯಲ್ಲಿದ್ದ ಹಳೆಯ ಫ್ರೇಮಿಗೆ ಅದನ್ನು ಕೂಡಿಸಿ, ಗಾಳಿ ತುಂಬಿ, ಕಲಾದಗಿ ಕಡೆಯ ಗರಸಿನ ದಾರಿಗೆ ಒಯ್ದೆ. ಕಲ್ಲು ಕಂಡಲ್ಲೆಲ್ಲ ಬೇಕೆಂದೇ ಗಾಲಿ ಹಾಯಿಸಿದೆ. ಗಾಲಿಯ ಕೆಳಗೆ ಕಟಕಟ ಸದ್ದಿತ್ತು, ಕೈಗೆ ಅದು ಬರಲಿಲ್ಲ. ಎದ್ದು ನಿಂತು ತುಳಿದರೂ ಸೈಕಲ್ಲು ಎಮ್ಮೆಯಂತೆ ತಲೆ ಆಡಿಸಲಿಲ್ಲ. ತಿರುವಿನ ಸಡಿಲ ಗರಸಿನಲ್ಲಿ ಮುಂದಿನ ಗಾಲಿ ಪುಟಿಯದೆ ನೆಲ ಹಿಡಿದೇ ಹೋಯಿತು. ಈ ದಾರಿಗೆ ಇದಕ್ಕಿಂತ ಉದ್ದದ ಶಾಕ್ ಬೇಡ, ಇದಿಲ್ಲದೆಯೂ ಆಗದು. ಅವಳು ಹೆಬ್ಬೆರಳು ತೋರಿಸಿ ಹೇಳಿದ್ದರಲ್ಲಿ ಒಂದು ಮಾತೂ ಹೆಚ್ಚಿರಲಿಲ್ಲ. ಸಿಟ್ಟಿಗೆ ಸೈಕಲ್ಲನ್ನು ದಾರಿ ಬದಿಯ ಜಾಲಿಗೆ ನೂಕಿದೆ. ಆಮೇಲೆ ಎತ್ತಿಕೊಂಡು, ಅದರ ಮೇಲೆಯೇ ಮನೆಗೆ ಬಂದೆ. ಮೈಗೆ ಹಾಯೆನಿಸಿತು. ಆ ಹಾಯೆನಿಸಿದ್ದಕ್ಕೆ ನನಗೆ ಇವತ್ತಿಗೂ ಕ್ಷಮೆಯಿಲ್ಲ.

ಬೆಂಚಿನ ಗೆಳೆಯ ಕಣ್ಣರಳಿಸಿದ. ‘ಏನಪಾ ಮಿಸ್ತ್ರಿ, ನೀನೂ ಶಾಕಿನ ಸೈಕಲ್ ಮ್ಯಾಲ ಕುಂತ್ಯಲ್ಲ?’

‘ಮೊಣಕೈ ನೋವಲೇ,’ ಎಂದೆ. ಇನ್ನೊಂದು ಸುಳ್ಳು.

ಈ ವಾರ ಅವಳ ಫೋನು ಬಂತು.

‘ಮಾಮಾ, ಸೈಕಲ್ ಸುಮ್ನ ಧೂಳ ತಿನ್ನಾಕತ್ತೈತಿ. ನಿಮ್ಮ ಅಂಗಡ್ಯಾಗ ಇಟ್ಟು ಯಾರಿಗರ ಕೊಟ್ಟಬಿಡು.’

‘ಇರಲಿ ಬಿಡಬೇ, ಮತ್ತ ಓಡಿಸ್ತಿ.’

‘ಇಲ್ಲ ಮಾಮಾ, ಆಗಂಗಿಲ್ಲ. ಮತ್ತ ತಗೊಳ್ಳಾವ್ರಿಗೆ ಖರೇ ಹೇಳು, ಮೊದಲಿನ ಫೋರ್ಕ್ ಕೆಟ್ಟಿತ್ತು ಅಂತ. ಮುಚ್ಚಿಟ್ಟು ಕೊಡಬ್ಯಾಡ. ಅವರ ಕೈಯೂ ಕೈಯಽ ಅಲ್ಲೇನು?’

ಫೋನು ಇಟ್ಟೆ. ಫೋರ್ಕನ್ನು ನನ್ನ ಸೈಕಲ್ಲಿನಿಂದ ಬಿಚ್ಚಿ ಒರೆಸಿ ಮೇಜಿನ ಮೇಲೆ ಇಟ್ಟಿದ್ದೇನೆ. ಅದು ಕೆಟ್ಟಿರಲಿಲ್ಲ. ಅದನ್ನು ಹಿಡಿದು ಇಳಕಲ್ಲಿನ ಬಸ್ಸು ಹತ್ತಬೇಕು, ಹತ್ತಿಲ್ಲ. ತಪ್ಪಾಯಿತು ಎಂಬ ಮಾತನ್ನು ನಾನು ಈ ಕಾಗದಕ್ಕೆ ಹೇಳಿದ್ದೇನೆ, ಓದುವ ನಿಮಗೆ ಹೇಳಿದ್ದೇನೆ. ಯಾರಿಗೆ ಹೇಳಬೇಕಿತ್ತೋ ಅವಳಿಗೆ ಮಾತ್ರ ಹೇಳಿಲ್ಲ: ನನ್ನ ತಂಗಿಯ ಮಗಳಿಗೆ.