ಅತ್ತೆಯ ಇಪ್ಪತ್ತೆಂಟು ಸಾವಿರದ ನಾನೂರು

ನಂಜನಗೂಡಿನ ನಮ್ಮ ಮನೆಯಲ್ಲಿ ಅನ್ನ ಮುದ್ದೆಯಾದ ದಿನ ಯಾರೂ ಕಾರಣ ಕೇಳುತ್ತಿರಲಿಲ್ಲ. ಕುಕ್ಕರು ಮೂರು ಸಲ ಕೂಗಿದೊಡನೆ ಒಲೆ ಆರಿಸುವ ನಮ್ಮ ಅತ್ತೆ ಆರನೆಯ ಕೂಗಿಗೂ ಏಳಲಿಲ್ಲವೆಂದರೆ ಆಟ ರಂಗೇರಿದೆಯೆಂದೇ ಅರ್ಥ. ಅಂಥ ದಿನ ತಟ್ಟೆಯಲ್ಲಿದ್ದುದನ್ನು ತೆಪ್ಪಗೆ ಉಂಡು, ಎಷ್ಟು ಅಂಕ ಬಂತೆಂದು ವಿಚಾರಿಸಿ, ಭೇಷ್ ಎಂದು ಕೈತೊಳೆಯುವುದು ಮನೆಯ ರೂಢಿಯಾಗಿತ್ತು.

ಆಟವೆಂದರೆ, ನಿಮಗೂ ನೆನಪಿದ್ದೀತು, ತೊಂಬತ್ತರ ದಶಕದ ಕೊನೆಯಲ್ಲಿ ಮನೆಮನೆಗೂ ನುಗ್ಗಿದ ಆ ಅಂಗೈಯಗಲದ ಬ್ರಿಕ್ ಗೇಮು. ಬಗೆಬಗೆಯ ಆಕಾರದ ಇಟ್ಟಿಗೆಗಳು ಮೇಲಿನಿಂದ ಇಳಿಯುತ್ತವೆ. ತಿರುಗಿಸಿ ಸಂದಿಯಿಲ್ಲದಂತೆ ಕೂರಿಸಿದರೆ ಸಾಲು ಕರಗಿ ಅಂಕ ಏರುತ್ತದೆ. ತಡವರಿಸಿದರೆ ರಾಶಿ ನೆತ್ತಿ ಮುಟ್ಟಿ ಆಟ ಮುಗಿಯುತ್ತದೆ. ನನ್ನ ಗಂಡ ತನಗೆಂದು ತಂದ ಆ ಯಂತ್ರ ಎರಡೇ ದಿನಕ್ಕೆ ಅಡುಗೆಮನೆ ಸೇರಿತು. ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆಯೇ ಕುಕ್ಕರಿಟ್ಟು, ಗೋಡೆಗೊರಗಿ ಕಾಲು ನೀಡಿ ಕೂತ ಅತ್ತೆ, ಮೂರು ಕೂಗಿನ ಆ ಪುಟ್ಟ ಬಿಡುವಿನಲ್ಲಿ ಇಟ್ಟಿಗೆ ಜೋಡಿಸುತ್ತ ಜೋಡಿಸುತ್ತ ಇಪ್ಪತ್ತೆಂಟು ಸಾವಿರದ ನಾನೂರಕ್ಕೆ ಏರಿದ್ದರು. ಆ ದಾಖಲೆ ಸದಾ ಪರದೆಯ ಮೂಲೆಯಲ್ಲಿ ಮಿನುಗುತ್ತಿತ್ತು.

"ಈ ಮನೇಲಿ ಪಹಣಿಯಿಂದ ಹಿಡ್ದು ಕರೆಂಟ್ ಬಿಲ್ ಗಂಟ ಎಲ್ಲಾ ನಿಮ್ಮ ಮಾವನ ಎಸ್ರಲ್ಲೇ ಅದೆ ಕಣವ್ವ. ಇದೊಂದ್ ನಂಬರ್ ನಂದು," ಎಂದು ಅವರು ನಗುತ್ತಿದ್ದರು. ಟಿ. ನರಸೀಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಮಾತ್ರ ಪೂರ್ತಿ ನಗು ಬರುತ್ತಿರಲಿಲ್ಲ. ಊರ ಮಕ್ಕಳಿಗೆಲ್ಲ ಅಂಕ ಹಂಚುವ ನಾನಾಗಲಿ ಬೇರೆಯವರಾಗಲಿ ಮೂವತ್ತು ವರ್ಷ ಬೇಯಿಸಿ ಬಡಿಸಿದ ಈಕೆಗೆ ಒಂದಂಕವನ್ನೂ ಕೊಟ್ಟಿರಲಿಲ್ಲ. ಕೊಟ್ಟದ್ದು ಈ ಪ್ಲಾಸ್ಟಿಕ್ಕಿನ ಡಬ್ಬಿ.

ತಂಗಿಯ ಮಗಳ ಮದುವೆಗೆಂದು ಅತ್ತೆ ಹತ್ತು ದಿನ ತಗಡೂರಿಗೆ ಹೋದರು. ಯಂತ್ರದ ಪರದೆ ಮಂಕಾಗಿತ್ತು. ಬರುವಷ್ಟರಲ್ಲಿ ಹೊಸ ಶೆಲ್ ಹಾಕಿಟ್ಟು ಒಳ್ಳೆಯ ಸೊಸೆ ಅನ್ನಿಸಿಕೊಳ್ಳೋಣವೆಂದು ಹಳೆಯವನ್ನು ಕಿತ್ತು ಹೊಸವನ್ನು ಹಾಕಿದೆ. ಪರದೆಯೇನೋ ಫಳಫಳ ಹೊಳೆಯಿತು, ಆದರೆ ಮೂಲೆಯಲ್ಲಿ ಸೊನ್ನೆ! ಶೆಲ್ ಕಿತ್ತರೆ ಅದರ ನೆನಪೂ ಹೋಗುತ್ತದೆಂದು ನನಗೇನು ಗೊತ್ತು? ಸೊಸೆ ಬೇಕೆಂದೇ ಅಳಿಸಿದಳೆಂದರೆ ಯಾವ ಪ್ರಮೇಯದಿಂದ ಸುಳ್ಳೆಂದು ಸಾಧಿಸಲಿ?

ಉಳಿದದ್ದು ಒಂದೇ ದಾರಿ. ನಾನೇ ಆಡಿ ಸರಿಯಾಗಿ ಇಪ್ಪತ್ತೆಂಟು ಸಾವಿರದ ನಾನೂರಕ್ಕೆ ತಂದು, ಅಲ್ಲಿಗೆ ಬೇಕೆಂದೇ ಸೋಲುವುದು. ದಿನವೂ ಶಾಲೆಗೆ ಹೋಗುವ ಬಸ್ಸಿನಲ್ಲಿ ಅಭ್ಯಾಸ ಶುರುವಾಯಿತು. ನಂಜನಗೂಡಿನಲ್ಲಿ ನನ್ನ ಜೊತೆಗೇ ಹೊರಟ ಕಪಿಲೆ ಯಾವ ಗಡಿಬಿಡಿಯೂ ಇಲ್ಲದೆ ನರಸೀಪುರಕ್ಕೆ ಬಂದು ಕಾವೇರಿಯನ್ನು ಸೇರುತ್ತಿದ್ದಳು. ನಾನು ಮಾತ್ರ ಎಂಟು ಸಾವಿರ ದಾಟುವಷ್ಟರಲ್ಲಿ ಬೆವರಿ ತೊಯ್ದಿರುತ್ತಿದ್ದೆ.

ಒಂಬತ್ತನೆಯ ದಿನ ಬೆರಳಿಗೆ ಏನು ಬಂತೋ, ಇಪ್ಪತ್ತೆಂಟು ಸಾವಿರದ ನೂರು ಮುಟ್ಟಿತು. ಇನ್ನು ಎರಡೇ ಸಾಲು ಕರಗಿಸಿದರೆ ಮುನ್ನೂರು ಸೇರಿ ಲೆಕ್ಕ ಸರಿಹೋಗುತ್ತಿತ್ತು. ಅಷ್ಟರಲ್ಲಿ, ಬೇಕೆಂದಾಗ ಎಂದೂ ಬಾರದ ಉದ್ದ ಕೋಲು ಇಳಿಯಿತು; ಹೆಬ್ಬೆರಳು ನನ್ನನ್ನು ಕೇಳದೆ ಅದನ್ನು ಸಂದಿಗೆ ಬಿಟ್ಟಿತು. ನಾಲ್ಕು ಸಾಲು ಒಟ್ಟಿಗೆ ಕರಗಿ ಸಾವಿರದೈನೂರು ಸೇರಿತು, ಇಪ್ಪತ್ತೊಂಬತ್ತು ಸಾವಿರದ ಆರುನೂರು! ನಾನು ಕಿಟಾರನೆ ಕಿರುಚಿದೆ.

"ಯಾಕ್ ಮೇಡಮ್, ಸ್ಟಾಪ್ ಬುಟ್ಬುಟ್ರಾ?" ಎಂದರು ಕಂಡಕ್ಟರು. ಬಿಟ್ಟಿದ್ದೆ, ಅದೂ ನಿಜ.

ಹಿಂದಕ್ಕೆ ನಡೆಯುತ್ತ ಯೋಚಿಸಿದೆ. ನಿಮ್ಮ ದಾಖಲೆ ಮುರಿದೆ ಎಂದು ಅತ್ತೆಗೆ ಹೇಳಿದರೆ ಅದು ಸತ್ಯವೇ, ಹಳೆಯ ತಪ್ಪೂ ಮುಚ್ಚಿಹೋಗುತ್ತದೆ. ಆದರೆ ಅವರದೆಂದು ಇದ್ದ ಒಂದೇ ನಂಬರನ್ನು ಅಳಿಸಿದ್ದಲ್ಲದೆ ಅದರ ಜಾಗದಲ್ಲಿ ನನ್ನದನ್ನು ಕೂರಿಸುವುದೇ? ಬದುಕಿನಲ್ಲಿ ನಾನು ಮಾಡಿದ ಏಕೈಕ ದಾಖಲೆಯ ಶೆಲ್ಲನ್ನು ನಾನೇ ಕಿತ್ತೆ.

ಮಾರನೆಯ ದಿನ ಅತ್ತೆ ಬಂದವರೇ ಯಂತ್ರ ಕೈಗೆತ್ತಿಕೊಂಡರು. ನಾನು ಇದ್ದದ್ದನ್ನು ಇದ್ದಂತೆ ಒಪ್ಪಿಸಿದೆ.

"ಓಗ್ಲಿ ಬುಡು. ನೀನೂ ಆಡ್ದೆ ಅಂದ್ಯಲ್ಲ, ಎಷ್ಟ್ ಬಂದಿತ್ತು?"

"ಇಪ್ಪತ್ತೊಂಬತ್ತು ಸಾವಿರದ ಆರುನೂರು. ನಿಮ್ಮದಕ್ಕಿಂತ ಜಾಸ್ತಿ ಆಯ್ತಲ್ಲ ಅತ್ತೆ, ಅದಕ್ಕೇ ಅದನ್ನೂ ಅಳಿಸಿಬಿಟ್ಟೆ."

"ಅಯ್ಯೋ ಪೆದ್ದಿ!" ಎಂದವರೇ ಎದ್ದು ಹಿತ್ತಿಲ ಗೋಡೆಯ ಮೇಲಿಂದ ಪಕ್ಕದ ಮನೆಯಾಕೆಯನ್ನು ಕೂಗಿದರು: "ಅಕ್ಕಾ, ನಮ್ಮ ಸೊಸೆ ನನ್ನೇ ಮೀರ್ಸ್‌ಬುಟ್ಲು ಕಣಕ್ಕ! ಇಪ್ಪತ್ತೊಂಬತ್ ಸಾವ್ರದ ಆರ್ನೂರು!"

ಸಾಕ್ಷಿಯಿಲ್ಲ, ಪರದೆಯಲ್ಲಿ ಇದ್ದದ್ದು ಸೊನ್ನೆ. ಉತ್ತರ ಸರಿಯಿದ್ದರೂ ಹಂತ ಬರೆಯದ ಮಕ್ಕಳಿಗೆ ಅಂಕ ಕಡಿಯುವವಳು ನಾನು. ಅತ್ತೆ ಒಂದು ಹಂತವನ್ನೂ ಕೇಳದೆ ಪೂರ್ತಿ ಅಂಕ ಕೊಟ್ಟಿದ್ದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಬೀದಿಯಲ್ಲೆಲ್ಲ ನನ್ನ ಹೆಸರು ನಾಲ್ಕು ದಿನ ಮೆರೆಯಿತು. ಭಾನುವಾರ ಅಡುಗೆಮನೆಯಿಂದ ಆರನೆಯ ಕೂಗು ಕೇಳಿತು, ಏಳನೆಯದೂ ಕೇಳಿತು. ಊಟಕ್ಕೆ ಕೂತು ತಟ್ಟೆ ನೋಡಿದೆ, ಅನ್ನ ಮುದ್ದೆಯಾಗಿತ್ತು. ಕಾರಣ ಕೇಳದೆ ಸಾರು ಹಾಕಿಸಿಕೊಂಡೆ.