ನಸುಕಿನ ಐದೂವರೆಗೆ ಮುಗಿದ ಇಂಟರ್‌ವ್ಯೂ

ನನ್ನ ತಂಗಿಯ ಇಂಟರ್‌ವ್ಯೂ ಶುರುವಾಗುವ ಮೊದಲೇ ಮುಗಿದುಹೋಗಿತ್ತು. ಹಾಗಂತ ಹೇಳಿದ್ದು ಅವಳ ಲ್ಯಾಪ್‌ಟಾಪ್.

ಗಿರಿಜಾ ಸಂತೆಕಲ್ಲೂರಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಏಳು ವರ್ಷದಿಂದ ಅತಿಥಿ! (ಏಳು ವರ್ಷ ಉಳಿದವರನ್ನು ಯಾವ ಮನೆಯಲ್ಲಿ ಅತಿಥಿ ಅನ್ನುತ್ತಾರೆ?) ಮೊನ್ನೆ ಒಂದು ಖಾಸಗಿ ಶಾಲೆಯ ಕಾಯಂ ಕೆಲಸಕ್ಕೆ ಆನ್‌ಲೈನ್ ಇಂಟರ್‌ವ್ಯೂ ಇತ್ತು. ಬೆಳಿಗ್ಗೆ ಹನ್ನೊಂದಕ್ಕೆ. ಮೊಬೈಲ್ ನಡೆಯದು, ಕಂಪ್ಯೂಟರೇ ಬೇಕು.

ಹಳೇ ಲ್ಯಾಪ್‌ಟಾಪಿಗೆ ಸಿಂಧನೂರಿನ ರಿಪೇರಿ ಅಂಗಡಿಯ ಮೆಹಬೂಬ್ ವಿಂಡೋಸ್ ಬದಲು ಹೊಸದಾಗಿ ಲಿನಕ್ಸ್ ಹಾಕಿಕೊಟ್ಟಿದ್ದ. ಮಸ್ಕಿಯ ನಮ್ಮ ಮನೆಯಲ್ಲಿ ಅದನ್ನು ತೆರೆದಾಗ ಗಂಟೆ ಹತ್ತೂ ನಲವತ್ತು. ಅದರ ಗಡಿಯಾರದಲ್ಲಿ ಐದೂ ಹತ್ತು.

ಇದೇನು ಮಹಾ? ಗಡಿಯಾರವನ್ನು ಕೈಯಿಂದಲೇ ತಿರುಗಿಸಿ ಹತ್ತೂ ನಲವತ್ತು ಮಾಡಿದೆ. ಗಿರಿಜಾ ಅದರಲ್ಲೇ ಇಂಟರ್‌ವ್ಯೂ ಗುರುತಾಗಿದ್ದ ಕ್ಯಾಲೆಂಡರ್ ತೆಗೆದಳು. ಮುಖ ಬಿಳುಚಿತು.

"ಅಣ್ಣಾ, ನಸುಕಿನ್ಯಾಗ ಐದೂವರಿಗೇ ಮುಗಿದೈತಿ ಅಂತ ತೋರಸಾಕತ್ತೈತಿ!"

"ಪತ್ರದಾಗ ಹನ್ನೊಂದು ಅಂತ ಐತಲ್ಲವಾ?"

"ಹಂಗಂದ್ರ ಇದು?"

ನನಗೇನು ಗೊತ್ತು? ಮೆಹಬೂಬನಿಗೆ ಫೋನ್ ಹಚ್ಚಿದೆ. "ಟೈಮ್ ಝೋನ್ ಪರದೇಶದ್ದು ಐತ್ರಿ ಸರ. ಅದನ್ನ ಬದಲು ಮಾಡ್ರಿ."

ಪಟ್ಟಿಯಲ್ಲಿ ಬೆಂಗಳೂರು ಹುಡುಕಿದೆ, ಇಲ್ಲ. ದಿಲ್ಲಿಯೂ ಇಲ್ಲ. "ಕೋಲ್ಕತ್ತಾ ಒತ್ರಿ" ಅಂದ.

"ನಾವು ಮಸ್ಕಿಯಾಗ ಅದೀವೋ ಮಾರಾಯಾ!"

"ದೇಶಕ್ಕೆಲ್ಲಾ ಅದೊಂದೇ ರೀ."

ಒತ್ತಿದೆ. ಗಡಿಯಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಹಾರಿತು! ಗಿರಿಜಾಳ ಕಣ್ಣಲ್ಲಿ ನೀರು.

"ಕೈಲೆ ಟೈಮ್ ಇಟ್ಟೀರೇನ್ರಿ?" ಮೆಹಬೂಬ್ ನಕ್ಕ. "ಅದರ ಮ್ಯಾಲೆ ಮತ್ತ ಐದೂವರಿ ತಾಸು ಕೂಡ್ಯಾವ. ಆಟೋಮ್ಯಾಟಿಕ್ ಅಂತ ಐತಿ ನೋಡ್ರಿ, ಅದನ್ನ ಚಾಲೂ ಮಾಡ್ರಿ."

ಮಾಡಿದೆ. ಹತ್ತೂ ಐವತ್ತೆರಡು. ಕ್ಯಾಲೆಂಡರಿನಲ್ಲಿ ಹನ್ನೊಂದು. ನನ್ನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡು ಹನ್ನೊಂದಕ್ಕೆ ಮೂರು ನಿಮಿಷ ಇರುವಾಗಲೇ ಲಿಂಕ್ ಒತ್ತಿ ನೆಟ್ಟಗೆ ಕುಳಿತಳು.

ಹನ್ನೊಂದಾಯಿತು. ಆ ಕಡೆ ಯಾರೂ ಇಲ್ಲ. ಹನ್ನೊಂದೂಕಾಲು. ನೀರು ಕುಡಿಯಲೂ ಏಳಲಿಲ್ಲ ಆಕೆ. ನಾನು ಬಾಗಿಲಿಗೂ ಟೇಬಲ್ಲಿಗೂ ಅಡ್ಡಾಡಿದ್ದೇ ಅಡ್ಡಾಡಿದ್ದು.

ಹನ್ನೊಂದೂ ನಲವತ್ತಕ್ಕೆ ಮೂವರು ಪರದೆಯ ಮೇಲೆ ಬಂದರು. ಒಬ್ಬರ ಕೈಯಲ್ಲಿ ಚಹಾ. "ಸಾರಿ, ಸ್ವಲ್ಪ ಲೇಟಾಯ್ತು" ಅಂದರು. "ಪರವಾಗಿಲ್ಲ ಸರ್" ಅಂದಳು ಗಿರಿಜಾ. ಕೇಳಿದ್ದಕ್ಕೆಲ್ಲ ಚೆನ್ನಾಗಿ ಉತ್ತರಿಸಿದಳು. ಫಲಿತಾಂಶ ಇನ್ನೂ ಬಂದಿಲ್ಲ.

ನಲವತ್ತು ನಿಮಿಷ ತಡವಾಗಿ ಬಂದವಳು ಗಿರಿಜಾ ಆಗಿದ್ದರೆ, "ಪರವಾಗಿಲ್ಲ" ಅನ್ನಲು ಆ ಕಡೆ ಯಾರಾದರೂ ಇರುತ್ತಿದ್ದರೇ?